ಇಪ್ಪತ್ತು ಡಿಗ್ರಿ

ಫಾರಂ ಹಿಡಿದು ಬಂದ ಹುಡುಗಿ
ಏಳನೇ ಕಲಮಿನ ಮೇಲೆ ಬೆರಳಿಟ್ಟು ಓದಿದಳು:
‘ಗಾಳಿಸುರಂಗದಿಂದ ನಿಮ್ಮ ಉದ್ಯಮಕ್ಕೆ ಆದ ಲಾಭ, ರೂಪಾಯಿಗಳಲ್ಲಿ.’
ಕೆಳಗೆ ಒಂದೂವರೆ ಗೆರೆ ಜಾಗ.

ಬರಕೋ ತಾಯಿ,
ಒಂದು ಬಿಲ್ಲು, ಏಳು ತಿಂಗಳು ತಡ.
ಮೂರು ಬಳೆ ವಾಪಸ್ಸು.

ಬಳೆ ಅಂದರೆ ಕೈಗೆ ತೊಡೋದಲ್ಲ.
ಗೇಣು ಅಗಲದ್ದು, ಅಲ್ಯೂಮಿನಿಯಂ.
ಅದರೊಳಗೆ ಪುಟ್ಟ ರೆಕ್ಕೆಯೊಂದು ಅಲುಗದೆ ನಿಲ್ಲಬೇಕಂತೆ,
ರೆಕ್ಕೆಗೆ ಎದುರಾಗಿ ಬಿರುಗಾಳಿ ಬಿಡ್ತಾರಂತೆ.
ಆ ಗಾಳಿ ನಾನು ಕಂಡವನಲ್ಲ.
ಗೇಟಿನ ಒಳಗೆ ನನಗೆ ಪಾಸಿಲ್ಲ.
ಕಾಂಪೌಂಡಿಗೆ ಅಂಟಿದಂತೆ ನನ್ನ ತಂಗಿ ಮನೆ,
ರಾತ್ರಿ ಹನ್ನೊಂದರ ಮೇಲೆ ಅವಳ ಪಾತ್ರೆ ಸ್ಟ್ಯಾಂಡು
ಸಣ್ಣಗೆ ಝುಂಯ್ ಅಂದರೆ
‘ಅಣ್ಣ, ನಿನ್ನ ಬಳೆ ಓಡ್ತಿದೆ’ ಅಂತ ಫೋನು ಮಾಡ್ತಾಳೆ.

ಮೊದಲಿಗೆ ಎಲ್ಲಿ ಓಡಿತು?
ಕೆಂಪು ಚೀಟಿ ಕಟ್ಟಿಸಿಕೊಂಡು ಬಂತು: ‘ಒಪ್ಪಿಲ್ಲ.’
ಮತ್ತೊಂದು ಕಡೆದೆ. ಒಪ್ಪಿಲ್ಲ.
ಮೂರನೇದಕ್ಕೆ ನಾನು ಜಗಳಕ್ಕೇ ಹೋದೆ,
ಚೀಟಿ ದುಡ್ಡೆತ್ತಿ ತಂದ ಮೈಕ್ರೋಮೀಟರನ್ನು
ಕರವಸ್ತ್ರದಲ್ಲಿ ಸುತ್ತಿ ಸಾಕ್ಷಿಗೆ ಇಟ್ಟುಕೊಂಡು.

ತಪಾಸಣೆಯ ತಾರಾಮಣಿ ಮೇಡಂ
ಊಟದ ಡಬ್ಬಿ ಕೈಯಲ್ಲಿ ಹಿಡಿದೇ ಗೇಟಿಗೆ ಬಂದರು.
‘ಎಷ್ಟು ಗಂಟೆಗೆ ಅಳೆದಿರಿ?’
ಮಧ್ಯಾಹ್ನ ಮೂರಕ್ಕೆ.
‘ತಲೆ ಮೇಲೆ ಏನಿದೆ?’
ಜಿಂಕ್ ಷೀಟು.
ಅವರು ನಕ್ಕರು, ನನ್ನನ್ನು ನೋಡಿ ಅಲ್ಲ, ಷೀಟನ್ನು ನೆನೆದು.
‘ತಪ್ಪು ನಿಮ್ಮ ಕೈಯದಲ್ಲ.
ನಿಮ್ಮ ಬಿಸಿಗೆ ಉಬ್ಬಿದ್ದು ನಮ್ಮ ಕೋಣೆಗೆ ಬಂದು ಕುಗ್ಗುತ್ತೆ.
ಲೋಹವನ್ನ ಇಪ್ಪತ್ತು ಡಿಗ್ರಿಯಲ್ಲಿ ಕೇಳಬೇಕು,
ಆಗ ಮಾತ್ರ ಅದು ನಿಜ ಹೇಳೋದು.’

ಇಪ್ಪತ್ತೆಂಟು ಮೈಕ್ರಾನು.
ಕೂದಲೊಂದನ್ನು ಉದ್ದಕ್ಕೆ ಸೀಳಿದರೆ ಅದರ ಅರ್ಧವೂ ಇಲ್ಲ.
ಮೂವತ್ತೊಂದು ವರ್ಷ
ಆ ಅರ್ಧ ಕೂದಲಿನ ಮೇಲೆ ನಡೆದಿದ್ದೆನಲ್ಲ ನಾನು,
ಕೆಳಗೆ ನೋಡದೆ.

ಏ.ಸಿ. ಹಾಕಿಸುವ ಯೋಗ್ಯತೆ ನಮ್ಮ ಷೆಡ್ಡಿಗಿಲ್ಲ.
ಮಾರನೇ ದಿನ ನಾಲ್ಕಕ್ಕೆ ಬಾಗಿಲು ತೆಗೆದೆ.
ಪೀಣ್ಯ ಎರಡನೇ ಹಂತ, ನಾಯಿಗೂ ನಿದ್ದೆ,
ಟೀ ಗಾಡಿಯ ಮೇಲೆ ಟಾರ್ಪಾಲು.
ಗೋಡೆಗೆ ನೇತುಹಾಕಿದ ಥರ್ಮಾಮೀಟರಿಗೆ ಬ್ಯಾಟರಿ ಬಿಟ್ಟೆ:
ಇಪ್ಪತ್ತು.
ಅವರು ಕೋಟಿ ಸುರಿದು ನಾಲ್ಕು ಗೋಡೆಯೊಳಗೆ ಕಟ್ಟಿಟ್ಟದ್ದನ್ನು
ಬೆಂಗಳೂರು ದಿನಾ ಬೆಳಗಿನ ಜಾವ
ಎರಡು ಗಂಟೆ ಹೊತ್ತು ಬೀದಿಗೆ ಚೆಲ್ಲಿರುತ್ತೆ, ಪುಕ್ಕಟೆ.
ನನಗೆ ಯಾರೂ ಹೇಳಿರಲಿಲ್ಲ.

ನಾಲ್ಕನೇ ಬಳೆಗೆ ಚೀಟಿ ಬರಲಿಲ್ಲ.
ಒಪ್ಪಿದ್ದಕ್ಕೆ ಅವರಲ್ಲಿ ಚೀಟಿ ಇಲ್ಲ.
ಬಳೆ ವಾಪಸ್ಸು ಬರಲಿಲ್ಲ, ಅಷ್ಟೆ.

ಇನ್ನೂ ಬರೀತಾ ಇದ್ದೀಯಾ? ಜಾಗ ಮುಗಿದಿರಬೇಕು.
ಅಂಚಿನಲ್ಲಿ ಬರಿ.
ಪಕ್ಕದ ಪ್ಲೇಟಿಂಗಿನ ಯೇಸುದಾಸ
‘ನಾಲ್ಕಕ್ಕೇ ದೀಪ ಯಾಕೆ, ಕಳ್ಳ ಮಾಲಾ?’ ಅಂತ ಇಣುಕಿದವನು
ಈಗ ತನ್ನ ತೊಟ್ಟಿಯ ಬಿಸಿಯನ್ನೂ ಬರೆದಿಡ್ತಾನೆ, ನೋಟ್‌ಬುಕ್ ಹೊಲಿಸಿ.
ನಮ್ಮಲ್ಲಿ ಚೂರು ಗುಡಿಸಲು ಸೇರಿದ ಸೆಲ್ವಿ
ಲಗ್ಗೆರೆಯಲ್ಲಿ ಕಾರು ನಿಲ್ಲಿಸೋ ಜಾಗ ಬಾಡಿಗೆ ಹಿಡಿದು
ಕವಾಟ ಮಾಡ್ತಾಳೆ, ಕಡಲೆಕಾಳಿನಷ್ಟು.
ತಿಂಗಳು ತುಂಬದೆ ಹುಟ್ಟಿದ ಕೂಸುಗಳ
ಉಸಿರು ಅದರಲ್ಲಿ ಹೋಗಿ ಬರುತ್ತಂತೆ.
ಗಾಳಿಸುರಂಗದ ಹೆಸರೂ ಆ ಕೂಸಿಗೆ ಗೊತ್ತಿಲ್ಲ.
ಸೆಲ್ವಿಗೆ ತಾರಾಮಣಿ ಮೇಡಂ ಗೊತ್ತಿಲ್ಲ.
ನಾಲ್ಕು ಗಂಟೆ ಮಾತ್ರ ಗೊತ್ತು.
ಇದು ಯಾವ ಕಲಮಿಗೆ ಬರುತ್ತೆ?

ಹುಡುಗಿ ಪೆನ್ನು ಕಚ್ಚಿಕೊಂಡಳು.
ಅವಳಿಗೆ ಸಂಜೆಯೊಳಗೆ ಇನ್ನೂ ಹನ್ನೊಂದು ಷೆಡ್ಡು.
‘ಸಂಖ್ಯೆ ಹೇಳಿ ಸಾರ್,
ಸಂಖ್ಯೆ ಇಲ್ಲದಿದ್ದರೆ ಕಂಪ್ಯೂಟರು ತಗೊಳ್ಳಲ್ಲ.’

ಇಪ್ಪತ್ತು ಅಂತ ಹಾಕಮ್ಮ.

‘ಲಕ್ಷವಾ?’

ತಲೆ ಮೇಲೆ, ಮೂರರ ಬಿಸಿಲಿಗೆ,
ಷೀಟು ಟಕ್ ಅಂತು.